ಗಡಿನಾಡಿನ ಗಣಕಕ್ಕೆ ಯಾವ ಪೊಟ್ಟಣ?

1953ರಲ್ಲಿ ಆಂಧ್ರ ರಾಜ್ಯವು ಉದಯಿಸಿದಾಗ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಅನಂತಪುರವನ್ನು ಸೇರಿದ ರಾಯದುರ್ಗದಲ್ಲಿಯೂ, ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಗೆ ನೆರೆಯಾಗಿ, 2022ರಿಂದೀಚೆಗೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸಂದ ಮಡಕಶಿರಾದಲ್ಲಿಯೂ ಎಷ್ಟೋ ಮನೆಗಳ ಮಾತು ಕನ್ನಡ, ಕಚೇರಿಯ ಕಾಗದ ತೆಲುಗು. ಹೀಗೆ ಎರಡು ಲಿಪಿಗಳ ನಡುವೆ ಬಾಳುವವನು ತನ್ನ ಗಣಕಕ್ಕೆ ಲಿನಕ್ಸ್ ಹಾಕಿಸಿದೊಡನೆ, ಒಂದೇ ಲಿಬ್ರೆಆಫೀಸ್ ಕಚೇರಿ ತಂತ್ರಾಂಶವು ಡೆಬ್, ಸ್ನ್ಯಾಪ್, ಫ್ಲಾಟ್‌ಪ್ಯಾಕ್, ಆಪ್‌ಇಮೇಜ್ ಎಂಬ ನಾಲ್ಕು ಪೊಟ್ಟಣಗಳ ವೇಷದಲ್ಲಿ ಎದುರು ನಿಲ್ಲುತ್ತದೆ. ಯಾವುದು ಶ್ರೇಷ್ಠವೆಂಬ ಪಂಡಿತರ ವಾದವು ಮುಗಿಯುವಂಥದಲ್ಲ; ನಮ್ಮ ಭಾಷೆಯನ್ನು ಯಾವುದು ಹೊತ್ತು ತರುತ್ತದೆ, ಅದರ ಬಾಗಿಲ ಕೀಲಿಕೈ ಯಾರಲ್ಲಿದೆ ಎಂಬುದೇ ನಮಗೆ ಮುಖ್ಯವಾದ ವಿಚಾರ.

ಡೆಬ್ ವ್ಯವಸ್ಥೆಯ ಸಾಮಾನ್ಯ ತಂತ್ರಾಂಶ ಲೈಬ್ರರಿಗಳನ್ನೇ ಬಳಸಿಕೊಳ್ಳುವುದರಿಂದ ಮಿತವ್ಯಯಿ; ಆದರೆ ಅದರಲ್ಲಿ ದೊರೆಯುವ ಆವೃತ್ತಿ ಸಾಮಾನ್ಯವಾಗಿ ಹಳತು. ಆಪ್‌ಇಮೇಜ್ ಒಂದೇ ಕಡತ. ಪೆನ್‌ಡ್ರೈವಿನಲ್ಲಿ ತಂದು, ಚಲಾಯಿಸುವ ಅನುಮತಿ ಕೊಟ್ಟರೆ ಸಾಮಾನ್ಯವಾಗಿ ಅಷ್ಟಕ್ಕೇ ತೆರೆದುಕೊಳ್ಳುತ್ತದೆ. ಆದರೆ ಲಿಬ್ರೆಆಫೀಸಿನ 'ಬೇಸಿಕ್' ಆಪ್‌ಇಮೇಜಿನಲ್ಲಿರುವುದು ಇಂಗ್ಲಿಷ್ ಮಾತ್ರ. ಕನ್ನಡದ ಮೆನು ಬೇಕಾದವನು 'ಫುಲ್' ಎಂಬುದನ್ನೇ ಇಳಿಸಿಕೊಳ್ಳಬೇಕು.

ಸ್ನ್ಯಾಪ್ ಸರ್ವರುಗಳಲ್ಲಿ ಉಪಕಾರಿಯೆಂಬುದನ್ನು ಅಲ್ಲಗಳೆಯಲಾಗದು. ಆದರೂ ಅದರ ಅಂಗಡಿಯ ಸರ್ವರ್ ತಂತ್ರಾಂಶವು ಉಬುಂಟುವನ್ನು ಹೊರತರುವ ಕ್ಯಾನೊನಿಕಲ್ ಸಂಸ್ಥೆಯ ಮುಚ್ಚಿದ ಸೊತ್ತು, ಉಬುಂಟು 22.04ರಲ್ಲಿ ಡೆಬ್ ತರಿಸುವ ಆಪ್ಟ್ ಮೂಲಕ ಫೈರ್‌ಫಾಕ್ಸ್ ಕೇಳಿದವನಿಗೂ ದೊರೆತದ್ದು ಸ್ನ್ಯಾಪ್. 2020ರಲ್ಲಿ ಲಿನಕ್ಸ್ ಮಿಂಟ್ ಅದನ್ನು ತಾನಾಗಿ ಒಳಬರದಂತೆ ತಡೆದುದು ಅಕಾರಣವಲ್ಲ.

ಫ್ಲಾಟ್‌ಪ್ಯಾಕ್ ಮೊದಲ ಸಲ ಆಧಾರ ಭಾಗವನ್ನೂ ಇಳಿಸಿಕೊಳ್ಳುವುದರಿಂದ ಮೊಬೈಲ್ ಡೇಟಾ ನಂಬಿದವನ ಕೋಟಾ ಕರಗುತ್ತದೆ. ಆದರೆ ಆ ಭಾಗವನ್ನು ಮುಂದೆ ಬರುವ ತಂತ್ರಾಂಶಗಳೂ ಹಂಚಿಕೊಳ್ಳುತ್ತವೆ. ಒಮ್ಮೆ ಇಳಿಸಿದುದನ್ನು ಪೆನ್‌ಡ್ರೈವಿಗೆ ತುಂಬಿ ನೆಟ್ ಇಲ್ಲದ ಮನೆಗೂ ಒಯ್ಯಬಹುದು. ಫ್ಲಾಟ್‌ಹಬ್ ಒಂದೇ ಅಂಗಡಿಯಲ್ಲ, ಬೇಕಾದವರು ತಮ್ಮದನ್ನೇ ತೆರೆಯಬಹುದು. ಇಲ್ಲಿ ಗಡಿನಾಡಿಗರು ಗಮನಿಸಬೇಕಾದ ಸೂಕ್ಷ್ಮವೊಂದಿದೆ: ಫ್ಲಾಟ್‌ಪ್ಯಾಕ್ ವ್ಯವಸ್ಥೆಯ ಭಾಷೆಯನ್ನು ನೋಡಿಕೊಂಡು ಅದರ ಅನುವಾದವನ್ನಷ್ಟೇ ತರುವುದರಿಂದ, ತೆಲುಗಿಗೆ ಹೊಂದಿಸಿದ ಯಂತ್ರಕ್ಕೆ ಕನ್ನಡವು ಬಾರದೆ ಉಳಿಯುತ್ತದೆ. ಫ್ಲಾಟ್‌ಪ್ಯಾಕಿನ ಭಾಷಾಪಟ್ಟಿಯಲ್ಲಿ ಕನ್ನಡ, ತೆಲುಗು, ಇಂಗ್ಲಿಷ್ ಮೂರನ್ನೂ ಬರೆದರೆ ಆ ಕೊರತೆ ನೀಗುತ್ತದೆ.

ಆದುದರಿಂದ ನನ್ನ ಅಭಿಪ್ರಾಯವಿದು: ಡೆಬ್ ಸಾಲುವಷ್ಟು ಕಾಲ ಅದೇ ಇರಲಿ, ಹೊಸ ಆವೃತ್ತಿ ಬೇಕಾದಾಗ ಫ್ಲಾಟ್‌ಪ್ಯಾಕ್, ಪರೀಕ್ಷಿಸಿ ನೋಡಲು ಆಪ್‌ಇಮೇಜ್, ಬೇರೆ ದಾರಿಯಿಲ್ಲದಾಗ ಮಾತ್ರ ಸ್ನ್ಯಾಪ್. ಯಾವುದನ್ನು ಹಾಕಿಸಿದರೂ ಕನ್ನಡದ ಮೆನು ತೆರೆಯುವುದೋ, ಒತ್ತಕ್ಷರಗಳು ಸರಿಯಾಗಿ ಮೂಡುವುವೋ ಎಂದು ಹಾಕಿಕೊಟ್ಟವನ ಎದುರಿನಲ್ಲಿಯೇ ನೋಡಿಕೊಂಡು, ಆಮೇಲೆ ಹಣ ಕೊಡುವುದು ಲೇಸು.