ರಿಪೇರಿ ಬೇಡ, ಹೊಸ ಸೇತುವೆಯನ್ನೇ ಕೇಳಿ

ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು, 3.24 ಟಿಎಂಸಿ ಅಷ್ಟೇ. ಮಲೆನಾಡಲ್ಲಿ ಮಳೆ ಜೋರಾದ್ರೆ ಬಂದ ನೀರನ್ನ ಹೊಳೆಗೆ ಬಿಡಲೇಬೇಕು. ಹೊನ್ನಾಳಿ, ನ್ಯಾಮತಿ ಹೊಳೆದಂಡೆಯ ರೈತರಿಗೆ ಇದೇನು ಹೊಸದಲ್ಲ. ಜಗಳೂರಿನವರು ನಮಗ್ಯಾಕೆ ಈ ಮಾತು ಅನ್ನಬೇಡಿ, ಬರದ ಸೀಮೆ ಹಳ್ಳವೂ ಒಂದೇ ರಾತ್ರಿ ಉಕ್ಕುತ್ತೆ.

ಬೆಳೆ ಹೋದ್ರೆ ಸಮೀಕ್ಷೆ ಉಂಟು. ಕೇಂದ್ರದ 2022-26ರ ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರ್‌ವರೆಗೆ. ಆದರೆ ಸೇತುವೆ ಕಿತ್ತುಹೋಗಿ ಕೊಯ್ದ ಮೆಕ್ಕೆಜೋಳ ಕಣದಲ್ಲೇ ಬೂಷ್ಟು ಹಿಡಿದ್ರೆ, ಚನ್ನಗಿರಿಯ ಹಸಿ ಅಡಿಕೆ ಸುಲಿಯೋ ಜಾಗ ಮುಟ್ಟದಿದ್ರೆ, ಆ ನಷ್ಟ ಯಾವ ಲೆಕ್ಕಕ್ಕೂ ಬರಲ್ಲ. ಸೇತುವೆಗೆ ಸಿಗೋದು ನಾಲ್ಕು ಲೋಡು ಮಣ್ಣು, ಎರಡು ಪೈಪು. ಮುಂದಿನ ಮಳೆಗೆ ಅದೂ ಹೊಳೆಪಾಲು.

15ನೇ ಹಣಕಾಸು ಆಯೋಗ 2021-26ರ ವಿಪತ್ತು ನಿಧಿಯಲ್ಲಿ ತುರ್ತು ಪರಿಹಾರಕ್ಕೆ ಶೇ 40, ಪುನರ್‌ನಿರ್ಮಾಣಕ್ಕೇ ಅಂತ ಬೇರೆ ಶೇ 30 ಇಟ್ಟಿತು. ನಾವು ಮಾತ್ರ ಈಗಲೂ ‘ರಿಪೇರಿ ಮಾಡಿಸಿ’ ಅಂತಲೇ ಅರ್ಜಿ ಬರೀತೀವಿ! ಪುನರ್‌ನಿರ್ಮಾಣ ಅಂತ ಬರೆಯಿರಿ. ಎಷ್ಟು ದಿನ ದಾರಿ ಬಂದ್ ಆಗಿತ್ತು, ಎಷ್ಟು ಕಿಲೋಮೀಟರ್ ಸುತ್ತಿದ್ರಿ, ಫೋಟೋ ಸಮೇತ ಗ್ರಾಮಸಭೆಯಲ್ಲಿ ದಾಖಲು ಮಾಡಿಸಿ. ನೆರೆ ನೀರು ಎಲ್ಲಿವರೆಗೆ ಏರಿತ್ತೋ ಅಲ್ಲಿ ಕಂಬಕ್ಕೆ ಬಣ್ಣ ಬಳಿದಿಡಿ. ಎತ್ತರ ಎಷ್ಟು ಬೇಕು ಅಂತ ಎಂಜಿನಿಯರ್ ಕೇಳಿದಾಗ ಅದನ್ನೇ ತೋರಿಸಬಹುದು.