ಮಂಚದ ಕೆಳಗಿದ್ದವನು

ಬೇಸಿಗೆ ಶಿಬಿರಕ್ಕೆ ಹೊರಟ ಮಕ್ಕಳು ನೋಡಬಾರದ, ಆದರೆ ಕದ್ದಾದರೂ ನೋಡಿಬಿಡುವ ಚಿತ್ರವೊಂದಿದೆ: 1980ರಲ್ಲಿ ಅಮೆರಿಕದಲ್ಲಿ ತೆರೆಕಂಡ 'ಫ್ರೈಡೇ ದ ಥರ್ಟೀನ್ತ್'. ಶಿಬಿರ ನಡೆಸಲು ಬಂದ ಯುವಕ ಯುವತಿಯರು ಒಬ್ಬೊಬ್ಬರಾಗಿ ಕೊಲೆಯಾಗುತ್ತಾರೆ. ಖರ್ಚು ಸುಮಾರು 5.5 ಲಕ್ಷ ಡಾಲರ್; ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ ಕಾಸು. ಚಿತ್ರಕಥೆ ಸಿದ್ಧವಾಗುವ ಮೊದಲೇ ನಿರ್ದೇಶಕ ಶಾನ್ ಕನ್ನಿಂಗ್‌ಹ್ಯಾಮ್ ಜಾಹೀರಾತು ಕೊಟ್ಟುಬಿಟ್ಟಿದ್ದರು!

ಮಲಗಿದವನ ಗಂಟಲನ್ನು ಬಾಣವೊಂದು ಕೆಳಗಿನಿಂದ ಸೀಳಿ ಬರುವ ದೃಶ್ಯಕ್ಕೆ ಗಟ್ಟಿಗರೂ ಬೆಚ್ಚುತ್ತಾರೆ. ನಿಜದಲ್ಲಿ ನಟ ಕೆವಿನ್ ಬೇಕನ್ ಮಂಚದ ಕೆಳಗೆ ಮುದುಡಿ ಕೂತು ತಲೆಯನ್ನಷ್ಟೇ ಮೇಲಕ್ಕೆ ತೂರಿಸಿದ್ದರು. ಕಾಣುವ ಕುತ್ತಿಗೆ, ಎದೆ ಎರಡೂ ಮೇಕಪ್ ಕಲಾವಿದ ಟಾಮ್ ಸವೀನಿ ಮಾಡಿದ ಬೊಂಬೆ. ರಕ್ತ ಚಿಮ್ಮಿಸುವ ಪಂಪು ಕೈಕೊಟ್ಟಾಗ ಸಹಾಯಕ ಕೊಳವೆಗೆ ಬಾಯಿಟ್ಟು ಊದಿದ. ರಕ್ತ ಚಿಮ್ಮಿತು.

ಗುಬ್ಬಿಯವರಿಗೆ ಇಂಥ ಕೈಚಳಕ ಹೊಸತಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ರಂಗದ ಮಾಯೆಗೇ ಹೆಸರಾಗಿತ್ತು. ವೀರಣ್ಣನವರೂ ಸೇರಿ ನಿರ್ಮಿಸಿದ 'ಬೇಡರ ಕಣ್ಣಪ್ಪ'ದಲ್ಲಿ (1954) ರಾಜ್‌ಕುಮಾರ್ ಕಣ್ಣು ಕಿತ್ತದ್ದೂ ಬಣ್ಣದ ಕೆಲಸವೇ ತಾನೆ?

ಚಿತ್ರವೇನೋ ದೊಡ್ಡವರದು. ಆದರೂ ನೋಡಿಬಿಟ್ಟು, ತುಮಕೂರಿನಲ್ಲೋ ಕುಣಿಗಲ್‌ನಲ್ಲೋ ಶಿಬಿರವೇ ಬೇಡವೆಂದು ಹಟ ಹಿಡಿದ ಮಗುವನ್ನು ಗದರುವ ಬದಲು, ಮಂಚದ ಕೆಳಗೆ ಕೊಳವೆ ಊದಿದವನ ಕಥೆ ಹೇಳಿನೋಡಿ.