ಕೆರೆಯ ಹೂಳೂ ಒಂದು ಶಾಸನ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಶಿಲಾಸ್ತಂಭವಿದೆ. ಐದನೆಯ ಶತಮಾನದ ನಡುಗಾಲದಲ್ಲಿ, ಕದಂಬ ಶಾಂತಿವರ್ಮನ ಆಳ್ವಿಕೆಯಲ್ಲಿ, ಕುಬ್ಜನೆಂಬ ಕವಿಯು ರಚಿಸಿದ ಸಂಸ್ಕೃತ ಪದ್ಯಗಳು ಅದರ ಮೇಲೆ ಕೆತ್ತಲ್ಪಟ್ಟಿವೆ. ಮಯೂರಶರ್ಮನು ವಿದ್ಯಾರ್ಜನೆಗಾಗಿ ಕಂಚಿಗೆ ಹೋದುದು, ಪಲ್ಲವರ ಮೇಲೆ ಮುನಿದು ರಾಜ್ಯವನ್ನು ಕಟ್ಟಿದುದು ನಮಗೆ ತಿಳಿದಿರುವುದು ಈ ಶಾಸನದಿಂದ. ಆದರೆ ಅದನ್ನು ಬರೆಸಿದ ಸಂದರ್ಭವನ್ನು ನೆನೆಯುವವರು ವಿರಳ. ಶಾಂತಿವರ್ಮನ ತಂದೆಯಾದ ಕಾಕುಸ್ಥವರ್ಮನು ಆ ಶಿವಾಲಯದ ಬಳಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸಿದನೆಂಬುದೇ ಆ ಸಂದರ್ಭ.

ಕಲ್ಲಿನ ಶಾಸನಕ್ಕೆ ಪುರಾತತ್ವ ಇಲಾಖೆಯ ರಕ್ಷಣೆಯುಂಟು. ಪ್ರಾಚೀನ ಕೆರೆಗಳ ತಳದಲ್ಲಿ ವರ್ಷ ವರ್ಷವೂ ಮಳೆನೀರು ತಾನೇ ಬರೆಯುತ್ತ ಬಂದಿರುವ ಹೂಳಿನ ಶಾಸನಕ್ಕಾದರೋ ಯಾವ ರಕ್ಷಣೆಯೂ ಇಲ್ಲ. ಹಳೆಯ ಕೆರೆಯ ಹೂಳನ್ನು ಯಂತ್ರಗಳಿಂದ ತೆಗೆಸುವ ಮುನ್ನ ಅದರ ಒಂದು ಮಾದರಿಯನ್ನಾದರೂ ವಿಜ್ಞಾನಕ್ಕಾಗಿ ಉಳಿಸಿಕೊಳ್ಳಬೇಕೆಂಬುದು ಈ ಲೇಖನದ ವಾದ.

ಹೂಳು ಚರಿತ್ರೆಯನ್ನು ಹೇಗೆ ಹೇಳೀತು? ಮಳೆಗಾಲದಲ್ಲಿ ಹಳ್ಳಗಳು ತಂದ ಮಣ್ಣು ಕೆರೆಯಲ್ಲಿ ನಿಲ್ಲುತ್ತದೆ. ಮರಳು ಬೇಗನೆಯೂ ನುಣುಪಾದ ಜೇಡಿ ನಿಧಾನವಾಗಿಯೂ ತಳಕ್ಕಿಳಿಯುತ್ತದೆ. ಅದರೊಡನೆ ಗಾಳಿ ಹೊತ್ತುತಂದ ಪರಾಗ, ಕಾಡ್ಗಿಚ್ಚಿನ ಇದ್ದಿಲ ಕಣ, ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಸಿಲಿಕಾ ಕವಚ ಇವೆಲ್ಲವೂ ಹುದುಗುತ್ತವೆ. ಪೊಳ್ಳು ಕೊಳವೆಯನ್ನು ತಳಕ್ಕೆ ಇಳಿಸಿ, ಸ್ತರಗಳು ಕದಡದಂತೆ ಮಣ್ಣಿನ ಕಂಬವೊಂದನ್ನು ಮೇಲಕ್ಕೆತ್ತಿದರೆ, ಕೆಳಗಿನಿಂದ ಮೇಲಕ್ಕೆ ಕಾಲಕ್ರಮವಾಗಿ ಅದನ್ನು ಓದಬಹುದು. ಪರಾಗವನ್ನು ಎಣಿಸಿ ಸಸ್ಯವರ್ಗವನ್ನು ತಿಳಿಯುವ ಈ ಕ್ರಮವನ್ನು ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ 1916ರಲ್ಲಿಯೇ ವಿದ್ವಾಂಸರ ಮುಂದಿಟ್ಟನು. ಕಾಲನಿರ್ಣಯಕ್ಕೆ ಇಂಗಾಲ-14 ನೆರವಾಗುತ್ತದೆ. ಅದರ ಅರ್ಧಾಯುಷ್ಯ ಸುಮಾರು 5,730 ವರ್ಷ. ಇತ್ತೀಚಿನ ಸ್ತರಗಳಿಗೆ ಸೀಸ-210 ಸಾಕ್ಷಿಯಾದರೆ, ಪರಮಾಣು ಬಾಂಬುಗಳ ಪರೀಕ್ಷೆಯಿಂದ ಜಗತ್ತಿನಾದ್ಯಂತ ಉದುರಿದ ಸೀಸಿಯಂ-137 ಸುಮಾರು 1963ರ ಸ್ತರವನ್ನು ಗುರುತಿಸಿಕೊಡುತ್ತದೆ.

ಎತ್ತರದ ಭೂಮಿಗಳಲ್ಲಿ ಇಂಥ ಓದು ಈಗಾಗಲೇ ಫಲ ಕೊಟ್ಟಿದೆ. ನೀಲಗಿರಿಯ ಪ್ರಸ್ಥಭೂಮಿಯ ಜೌಗುಗಳಲ್ಲಿ ಅರೆಕೊಳೆತ ಸಸ್ಯಗಳು ಪದರಪದರವಾಗಿ ಕೂಡಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಅವುಗಳಲ್ಲಿನ ಇಂಗಾಲದ ಐಸೊಟೋಪುಗಳನ್ನು ಅಳೆದು, ಸುಮಾರು 20,000 ವರ್ಷಗಳ ಮಾನ್ಸೂನಿನ ಏರಿಳಿತವನ್ನು 1993ರಲ್ಲಿ ಪ್ರಕಟಿಸಿದರು. ಒಣಹವೆಗೆ ಒಗ್ಗಿದ ಹುಲ್ಲುಗಳಲ್ಲಿಯೂ ತೇವವನ್ನು ಬಯಸುವ ಗಿಡಮರಗಳಲ್ಲಿಯೂ ಇಂಗಾಲ-13ರ ಪ್ರಮಾಣ ಬೇರೆ ಬೇರೆಯಾಗಿರುವುದೇ ಈ ಪರೀಕ್ಷೆಯ ಕೀಲಿಕೈ. ಮಹಾರಾಷ್ಟ್ರದ ಲೋಣಾರ್ ಸರೋವರದ ತಳದಿಂದ ತೆಗೆದ ಸುಮಾರು 10 ಮೀಟರ್ ಹೂಳಿನಲ್ಲಿ ಗೇಲುಸೈಟ್ ಎಂಬ ಖನಿಜದ ಹರಳುಗಳು ದೊರೆತವು. ಉಪ್ಪುನೀರು ಬತ್ತಿ ಗಾಢವಾದಾಗ ಮಾತ್ರ ಈ ಹರಳುಗಳು ಕಟ್ಟುತ್ತವೆ. ಇಂದಿನಿಂದ 4,600–3,900 ವರ್ಷಗಳ ಹಿಂದೆ ಒಮ್ಮೆ, 2,000–600 ವರ್ಷಗಳ ಹಿಂದೆ ಮತ್ತೊಮ್ಮೆ ದೀರ್ಘಕಾಲ ಮಳೆ ಕುಗ್ಗಿದ್ದಿತೆಂದು 2014ರಲ್ಲಿ ಪ್ರಕಟವಾದ ಆ ಸಂಶೋಧನೆ ಸೂಚಿಸಿತು.

ಕದಂಬರೂ ಚಾಲುಕ್ಯರೂ ಹೊಯ್ಸಳರೂ ಆಳಿದ ಕಾಲವು ಈ ಎರಡನೆಯ ಅವಧಿಯೊಳಗೇ ಬರುತ್ತದೆ! ಹಾಗಾದರೆ ನಮ್ಮ ನಾಡಿನ ಅರಸರು ಕೆರೆಗಳನ್ನು ಕಟ್ಟಿಸಿದುದು ಕೇವಲ ಪುಣ್ಯಸಂಪಾದನೆಗೋ, ಅಥವಾ ಮಳೆಯೇ ಕೈಕೊಟ್ಟಿದ್ದಿತೋ? ನೂರಾರು ಮೈಲಿ ದೂರದ ಲೋಣಾರ್ ಇದಕ್ಕೆ ಉತ್ತರ ಹೇಳಲಾರದು. ತಾಳಗುಂದದಂಥ ಸ್ಥಳ ಹೇಳಬಲ್ಲುದು. ಶಿಕಾರಿಪುರ, ಸೊರಬಗಳ ಈ ಸೀಮೆ ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚು. ಪಶ್ಚಿಮಕ್ಕೆ ದಟ್ಟ ಕಾಡು, ಪೂರ್ವಕ್ಕೆ ಕುರುಚಲು. ಮಳೆ ತುಸು ವ್ಯತ್ಯಾಸವಾದರೂ ಕಾಡಿನ ಗಡಿ ಸರಿಯುವುದು ಇಂಥ ಅಂಚಿನಲ್ಲಿಯೇ. ಮೇಲಾಗಿ, ಸ್ವಾಭಾವಿಕ ಸರೋವರಗಳಿಗಿಲ್ಲದ ಒಂದು ಅನುಕೂಲ ಇಲ್ಲಿದೆ: ಕೆರೆಯ ಹುಟ್ಟಿದ ಕಾಲವನ್ನು ಶಾಸನವೇ ತಿಳಿಸುತ್ತದೆ.

ಆಕ್ಷೇಪಗಳಿಲ್ಲದೆ ಇಲ್ಲ. ನಮ್ಮ ರೈತರು ಹಿಂದಿನಿಂದಲೂ ಬೇಸಗೆಯಲ್ಲಿ ಕೆರೆಗೋಡನ್ನು ಹೊಲಗಳಿಗೆ ಸಾಗಿಸಿರುವರು. ಕೆರೆ ಬತ್ತಿದಾಗ ಮಣ್ಣು ಬಿರಿದು ಸ್ತರಗಳು ಬೆರೆತಿರಬಹುದು. ಕಾಡಿನ ಪರಾಗ ಕಡಮೆಯಾದುದು ಮಳೆ ತಗ್ಗಿದುದರಿಂದಲೋ ಕೊಡಲಿಯಿಂದಲೋ ಎಂಬ ಸಂಶಯವೂ ಸಹಜ. ಈ ಆಕ್ಷೇಪಗಳಲ್ಲಿ ಹುರುಳಿದೆ. ಆದರೆ ಬುಟ್ಟಿ ಗಾಡಿಗಳು ಸಾಗಿಸಿದುದು ಬಹುಮಟ್ಟಿಗೆ ಮೇಲಿನ ಮಣ್ಣನ್ನು. ಯಂತ್ರವಾದರೋ ಮೂಲ ತಳದವರೆಗೂ ಬಗೆಯಬಲ್ಲುದು. ಕದಡಿದ ಸ್ತರವಾವುದು, ಕದಡದುದಾವುದು ಎಂಬುದನ್ನು ಕಾಲನಿರ್ಣಯವೇ ಬಯಲಿಗೆ ತರುತ್ತದೆ. ಮಳೆ, ಕೊಡಲಿಗಳ ಪಾಲನ್ನು ಬೇರ್ಪಡಿಸಲು ಇದ್ದಿಲು, ಡಯಾಟಮ್, ಐಸೊಟೋಪುಗಳ ಸಾಕ್ಷ್ಯವನ್ನು ಒಟ್ಟಿಗೆ ತೂಗಬೇಕು. ವಿಜಯನಗರದ ಸುತ್ತಣ ಕೆರೆಗಳ ಹೂಳಿನಲ್ಲಿ ಪರಾಗವನ್ನು ಪರೀಕ್ಷಿಸಿದ ಕ್ಯಾಥ್ಲೀನ್ ಮಾರಿಸನ್ ಅವರ ಕಾರ್ಯವು, ಮನುಷ್ಯನು ಕಟ್ಟಿದ ಕೆರೆಯೂ ಓದಿಗೆ ಒದಗುತ್ತದೆಂಬುದಕ್ಕೆ ನಿದರ್ಶನ.

ಹೂಳೆತ್ತುವುದನ್ನು ನಿಲ್ಲಿಸಿರೆಂದು ಯಾರೂ ಹೇಳುತ್ತಿಲ್ಲ. ಹೂಳು ತುಂಬಿದ ಕೆರೆ ನೀರನ್ನು ಹಿಡಿಯದು, ರೈತನಿಗೆ ಬೇಕಾದುದು ನೀರು. ಬೇಡಿಕೆ ಅಲ್ಪವಾದುದು. ಶಾಸನೋಕ್ತವಾದ ಕೆರೆಗಳ ಪಟ್ಟಿ ಸಿದ್ಧವಾಗಲಿ. ಅಲ್ಲಿ ಯಂತ್ರವಿಳಿಯುವ ಮೊದಲು, ಹೂಳು ಹೆಚ್ಚು ದಪ್ಪವಾಗಿರುವ ಏರಿಯ ಸಮೀಪದಲ್ಲಿ, ಎರಡು ಮೂರು ಕೊಳವೆಗಳಷ್ಟು ಮಣ್ಣನ್ನು ತೆಗೆದು ವಿಶ್ವವಿದ್ಯಾನಿಲಯಗಳಲ್ಲಿ ತಂಪಾಗಿ ಕಾಪಿಡಲಿ. ಇಂದು ಪರೀಕ್ಷಿಸಲಾಗದಿದ್ದರೆ ನಾಳಿನವರು ಪರೀಕ್ಷಿಸುವರು. ಭೂಮಿ ಬಿಸಿಯೇರುತ್ತಿರುವ ಈ ದಿನಗಳಲ್ಲಿ ಮಳೆಯ ಮುಂದಿನ ನಡೆಯನ್ನು ಊಹಿಸಲು ಅದರ ಹಿಂದಿನ ನಡೆ ತಿಳಿದಿರಬೇಕು. ಮಳೆಮಾಪಕಗಳ ಲೆಕ್ಕವಾದರೋ ಇನ್ನೂರು ವರ್ಷಗಳ ಹಿಂದಕ್ಕೆ ಸಾಗುವುದೇ ಅಪರೂಪ.

ವಿದ್ಯಾರ್ಥಿಗಳು ತಮ್ಮ ಊರಿನ ಕೆರೆಯನ್ನು ಯಾರು, ಎಂದು ಕಟ್ಟಿಸಿದರೆಂಬುದನ್ನು ಶಾಸನ ಸಂಪುಟಗಳಲ್ಲಿ ಹುಡುಕಲು ತೊಡಗಿದರೂ ಈ ಕಾರ್ಯಕ್ಕೆ ಅದು ಒಳ್ಳೆಯ ಆರಂಭವಾದೀತು. ಕಲ್ಲಿನ ಶಾಸನ ಅಳಿಸಿದರೆ ಅದರ ಅಚ್ಚಾದರೂ ಉಳಿದಿರುತ್ತದೆ. ಬಗೆದು ಲಾರಿಗೆ ತುಂಬಿದ ಹೂಳಿಗೆ ಅಂಥ ಅಚ್ಚು ಇಲ್ಲ.